ಅರವತ್ತಮೂರು ದಿನದ ತಿಳಿನೀರು

ಸಂಡೂರು
21 ಆಗಸ್ಟ್ 2009

ಗಂಗಕ್ಕಗ,

ನಾವು ಕ್ಷೇಮ, ನಿಮ್ಮ ಕ್ಷೇಮಕ್ಕ ಬರೀರಿ ಅಂತ ಶುರು ಮಾಡಬೇಕು. ಮಾಡಂಗಿಲ್ಲ. ಇಲ್ಲಿ ಕ್ಷೇಮ ಇಲ್ಲ, ನಿಮ್ಮ ಕ್ಷೇಮ ಕೇಳೋ ಮನಸ್ಸೂ ಇವತ್ತು ನನಗಿಲ್ಲ.

ನಿಮ್ಮ ಅಂಗಡಿಯಾಗ ಮೂರು ವರ್ಷ ಕುಂತು ಡಿಟಿಪಿ ಕಲತವಳು ನಾನು. ನೀವು ಹೇಳಿದ್ದಕ್ಕ ಇಲ್ಲ ಅಂದವಳಲ್ಲ. ಅದಕ್ಕೇ ಈಗ ಮೈ ಉರಿಯಾಕ ಹತ್ತೈತಿ. ಇದನ್ನ ನಿಮ್ಮ ಕಂಪ್ಯೂಟರ್ ಕಟ್ಟಿ ಮ್ಯಾಲೆ ಬರೀದೆ ಕಾಗದದಾಗ ಯಾಕ ಬರೀತೀನಿ ಅಂದ್ರ, ಅಲ್ಲಿ ಬರದದ್ದು ಎಷ್ಟು ಊರಿಗೆ ಹೋಗಿ ಕುಂದ್ರತೈತೋ ಯಾರಿಗೆ ಗೊತ್ತು. ನಿಮಗ ಬೈಯೋದು ನಿಮಗಷ್ಟೇ ಮುಟ್ಟಲಿ. ಬರೀಬೇಕಂದ್ರೂ ಸಂಡೂರು ಕಟ್ಟಿ ಈಗ ಇಲ್ಲ.

ಯುವಕ ಸಂಘ ನೋಡ್ಕೊಳ್ಳೋ ರೇವಣಸಿದ್ದ ಮಂಗಳವಾರ ಸಂಘದ ರೂಮಿನ ಕಂಪ್ಯೂಟರನ್ನ, ಕಟ್ಟಿ ಇದ್ದದ್ದನ್ನ, ಪೂರಾ ಅಳಿಸಿಬಿಟ್ಟ. ನಾನು ಮರುದಿನ ಬೆಳಿಗ್ಗೆ ಹೋಗಿ ನೋಡಿದ್ರ ಅದರಾಗ ಹಾಡು, ಸಿನಿಮಾ ತುಂಬ್ಯಾನ. ಕೇಳಿದ್ರ ಹಾರ್ಡ್ ಡಿಸ್ಕ್ ಹೋಯ್ತವ್ವಾ, ಹೊಸಾದು ಹಾಕಿಸಿದೆ ಅಂತಾನ. ಹೋದ ವಾರ ಅವನ ಎರಡು ಟಿಪ್ಪರ್ ಗಣಿ ಕೆಲಸಕ್ಕ ಸೇರ್ಯಾವು. ಡಿಸ್ಕ್ ಯಾಕ ಹೋಯ್ತು ಅಂತ ತಿಳಿಯಾಕ ಕಂಪ್ಯೂಟರ್ ಕಲೀಬೇಕಾಗಿಲ್ಲ.

ಅಪ್ಪ ಮೂವತ್ತು ವರ್ಷ ಊರ ನೀರಗಂಟಿ ಆಗಿದ್ದವನು, ನಿಮಗ ಗೊತ್ತೈತಿ. ಕೆರಿ ತೂಬು ಎತ್ತಿ ಇಳಿಸಿ, ಯಾರ ಹೊಲಕ್ಕ ಎಷ್ಟೊತ್ತು ನೀರು ಅಂತ ನೋಡಿದ ಮನಷ್ಯಾ. ಕೆಲಸ ಬಿಟ್ರೂ ದಿನಾ ಬೆಳಿಗ್ಗೆ ಹಳ್ಳಕ್ಕ ಹೋಗಿ ನೀರು ನೋಡಿ ಬಂದು ಗ್ವಾಡಿ ಕ್ಯಾಲೆಂಡರಿನಾಗ ಪೆನ್ಸಿಲಿಂದ ಬರೀತಿದ್ದ. ತಿಳಿ, ಬಗ್ಗಡ, ಕಡಿಮಿ, ಜಾಸ್ತಿ. ಹೋದ ದೀಪಾವಳಿಗೆ ನೀವು ನಮ್ಮನಿಗೆ ಊಟಕ್ಕ ಬಂದು ಅದನ್ನ ನೋಡಿ ನಕ್ರಿ. ವರ್ಷ ಮುಗದ ಮ್ಯಾಲೆ ಇದನ್ನ ಏನು ಮಾಡ್ತೀರಿ ಅಂದ್ರಿ. ಗ್ವಾಡಿ ಗೂಡಿಗೆ ಹಾಸ್ತೀವಿ ಅಂದ ಅಪ್ಪ. ಆಗ ನೀವು ಹೋಳಿಗಿ ತಿನ್ನೋದು ಬಿಟ್ಟು ಕಟ್ಟಿ ಪುರಾಣ ಹೇಳಿದ್ರಿ. ಹೊಸಪೇಟ್ಯಾಗ ನನ್ನ ಅಂಗಡಿ ಕಟ್ಟಿ, ಸಂಡೂರಾಗ ಸಂಘದ ಕಟ್ಟಿ, ಕಂಪ್ಲಿಯಾಗ ತೋಟಪ್ಪನವರ ರೈಸ್ ಮಿಲ್ಲಿನ ಕಟ್ಟಿ. ಊರ ಕಟ್ಟಿ ಮ್ಯಾಲೆ ಕುಂತು ಮಾತಾಡಿದಂಗ ಮಂದಿ ಇದರಾಗ ಬರೀತಾರ, ಮೂರು ಊರಿನ ಕಂಪ್ಯೂಟರ್ ಒಂದಕ್ಕೊಂದು ಮಾತಾಡ್ತಾವು, ಧಣಿ ಅಂತ ಒಬ್ಬ ಇಲ್ಲ, ಒಂದು ಬಿದ್ರ ಎರಡು ನಿಂತಿರ್ತಾವು, ಇಲ್ಲಿ ಬರದದ್ದು ಎಲ್ಲೂ ಹೋಗಂಗಿಲ್ಲ ಅಂದ್ರಿ. ಅಪ್ಪ ಕ್ಯಾಲೆಂಡರ್ ಬಿಟ್ಟ. ಮರುದಿನದಿಂದ ನಾನು ಊರಿಂದ ಸಂಡೂರಿಗೆ ಹತ್ತೋ ಬಸ್ಸಿನ ಹತ್ರ ಅವನು ಬಂದು ಹೇಳ್ತಿದ್ದ, ನಾನು ಇಲ್ಲಿ ಸಾಲಿ ಆಫೀಸಿಗೆ ಕೆಲಸಕ್ಕ ಹೋಗೋ ಮೊದಲು ಸಂಘದ ರೂಮಿನಾಗ ಅವನ ಹೆಸರಿನಾಗ ಬರೀತಿದ್ದೆ. ಭಾನುವಾರದ್ದು ಸೋಮವಾರ ಹಾಕ್ತಿದ್ದೆ. ಒಂದು ದಿನಾನೂ ಬಿಟ್ಟಿಲ್ಲ, ಇನ್ನೂರಾ ತೊಂಬತ್ನಾಕು ದಿನ.

ಸಂಕ್ರಾಂತಿ ಆದ ಮ್ಯಾಲೆ ಗಣಿಯವರು ಗುಡ್ಡದ ಈ ಮಗ್ಗಲಿಗೆ, ನಮ್ಮ ಹಳ್ಳದ ತಲಿ ಮ್ಯಾಲೆ ಮಣ್ಣು ಸುರಿಯಾಕ ಹತ್ತಿದ್ರು. ಅವತ್ತಿಂದ ನೀರು ಕೆಂಪು. ಹಳ್ಳದ ದಂಡ್ಯಾಗಿನ ಬಾವಿ ಬಿಟ್ರ ಊರಿಗೆ ಕುಡಿಯಾಕ ಬ್ಯಾರೆ ಇಲ್ಲ. ಈಗ ಇನ್ನೂ ಅಗಲ ಸುರೀತೀವಿ, ಪರ್ಮಿಷನ್ ಕೊಡ್ರಿ ಅಂತ ಅರ್ಜಿ ಹಾಕ್ಯಾರ. ಚಳಿಗಾಲದಾಗ ಅಧಿಕಾರಿ ಬಂದು ಜನರ ಮಾತು ಕೇಳ್ತಾರಂತ. ನೀರು ಯಾವತ್ತು ಕೆಟ್ಟಿತು, ಎಷ್ಟು ದಿನ ಕೆಟ್ಟಿತು ಅನ್ನಾಕ ಅಪ್ಪ ಬರದದ್ದು ಬಿಟ್ರ ಊರಾಗ ಒಂದು ಚೀಟಿ ಇಲ್ಲ.

ನಿಮ್ಮ ಕಟ್ಟಿಯಾಗ ಇರ್ತೈತಿ ಅಂದಿದ್ರಲ್ಲ, ತಗದು ಕಳಿಸ್ರಿ.

ಸಿಟ್ಟಿಗೆದ್ದಿರೋ
ಗಾಯತ್ರಿ

*

ಹೊಸಪೇಟೆ
27 ಆಗಸ್ಟ್ 2009

ಗಾಯತ್ರಿ,

ಬೈದದ್ದು ಮುಟ್ಟಿತು. ಈಗ ಒಂದು ಲೋಟ ನೀರು ಕುಡದು ಕುಂದ್ರು, ನಾನು ಹೇಳೋದು ಕೇಳು.

ಆ ರೇವಣಸಿದ್ದನ ಹಲ್ಲು ಉದುರಿಸಬೇಕು, ಅದು ಬ್ಯಾರೆ ಮಾತು. ಆ ಕಂಪ್ಯೂಟರಿನಾಗ ಕಟ್ಟಿ ಕಟ್ಟಿಕೊಟ್ಟವಳು ನಾನು. ಅವನ ರೂಮಿನ ಕೆಂಪು ಧೂಳಾಗ ಮೂರು ದಿನ ಕುಂತು ಕನ್ನಡ ಅಕ್ಷರ ಕೂಡಿಸೀನಿ. ಇಂಗ್ಲಿಷ್ ಗುಂಡಿಗಳಿಗೆಲ್ಲಾ ನಮ್ಮ ಮಂದಿಗೆ ತಿಳಿಯೋ ಹೆಸರಿಟ್ಟೀನಿ. ಒಬ್ಬರ ಮಾತು ದಿನಾ ಬೇಕು ಅಂದ್ರ ‘ಕೇಳ್ತೀನಿ’ ಒತ್ತಬೇಕು, ಬ್ಯಾಡ ಅಂದ್ರ ‘ಸಾಕು’ ಒತ್ತಬೇಕು. ಇಷ್ಟು ಮಾಡಿಕೊಟ್ಟದ್ದನ್ನ ಆ ಭಾಡ್ಯಾ ಹಾಡು ತುಂಬಾಕ ಅಳಿಸ್ಯಾನ.

ಆದ್ರ ನಾನು ಕಲಿಸಿದ್ದು ನೀನು ಮರತೇನು? ದೊಡ್ಡ ಕಂಪನಿಯವರ ವೆಬ್‌ಸೈಟಿನಾಗ ಎಲ್ಲಾರ ಮಾತೂ ಒಂದೇ ಗೋದಾಮಿನಾಗ ಇರ್ತಾವು. ಧಣಿ ಬೀಗ ಜಡದ್ರ ಮುಗೀತು. ನಮ್ಮದು ಹಂಗಲ್ಲ. ನಿಮ್ಮಪ್ಪ ಸಂಡೂರು ಕಟ್ಟಿ ಮ್ಯಾಲೆ ಒಂದು ಸಾಲು ಬರದ್ರ ಆ ಕಂಪ್ಯೂಟರ್ ಅದರ ನಕಲು ಹೊಸಪೇಟಿಗೆ ಕಳಿಸ್ತೈತಿ, ನಕಲು ನನ್ನ ಡಿಸ್ಕಿನಾಗ ಕುಂದ್ರತೈತಿ. ರೇವಣಸಿದ್ದ ತನ್ನ ಮನಿ ಸುಟ್ಕೊಂಡ್ರ ನನ್ನ ಮನಿ ಸುಡಂಗಿಲ್ಲ. ನನ್ನ ಡಿಸ್ಕಿಗೆ ಅವನ ಕೈ ಮುಟ್ಟಂಗಿಲ್ಲ. ಇದಕ್ಕೇ ಅಲ್ಲೇನು ನಾನು ಊರೂರು ತಿರುಗಿ ಈ ಹುಚ್ಚು ಕಟ್ಟಿದ್ದು.

ಮಾರ್ಚಿನಾಗ ಒಮ್ಮೆ ನಿಮ್ಮಪ್ಪನ ಹೆಸರು ಒತ್ತಿ ನೋಡಿದ್ದೆ. ಮ್ಯಾಲಿಂದ ಕೆಳಗಿನ ತನ ಎಲ್ಲಾ ದಿನದ್ದೂ ಇತ್ತು. ಹೆದರಬ್ಯಾಡ. ಈ ವಾರ ಅಂಗಡಿ ಮುಂದ ಲಾರಿಯವರ ಸಾಲು ಐತಿ, ಪರ್ಮಿಟ್ ಜೆರಾಕ್ಸ್ ಮಾಡಿ ಮಾಡಿ ಮಷೀನೂ ಸುಸ್ತು, ನಾನೂ ಸುಸ್ತು. ಮುಂದಿನ ವಾರ ತಗದು, ಪ್ರಿಂಟ್ ಹೊಡದು, ಬೈಂಡ್ ಮಾಡಿ ಕಳಿಸ್ತೀನಿ. ಗಂಗಮ್ಮ ಮಾತು ಕೊಟ್ಟಾಳ ಅಂತ ನಿಮ್ಮಪ್ಪಗ ಹೇಳು.

ಇನ್ನೊಮ್ಮೆ ಇಂಥ ಕಾಗದ ಬರದ್ರ ಕಿವಿ ಹಿಂಡ್ತೀನಿ.

ಗಂಗಕ್ಕ

*

ಸಂಡೂರು
8 ಸೆಪ್ಟೆಂಬರ್ 2009

ಅಕ್ಕಾ,

ನೀರು ಕುಡದು ಕುಂದ್ರು ಅಂತ ಬರದೀರಿ. ಯಾವ ನೀರು ಕುಡೀಲಿ? ಬಾವಿ ನೀರು ಸೇದಿ ಒಂದು ದಿನ ಇಟ್ರ ಕೊಡದ ತಳದಾಗ ಎರಡು ಬೆರಳು ಕೆಂಪು ಕೆಸರು ಕುಂದ್ರತೈತಿ. ಮ್ಯಾಲಿಂದು ಬಸದು, ಪಂಚಿಯಾಗ ಸೋಸಿ, ಕಾಸಿ ಕುಡೀತೀವಿ. ಬಿಳಿ ಪಂಚಿ ಅಂತ ನಮ್ಮನ್ಯಾಗ ಈಗ ಒಂದೂ ಉಳದಿಲ್ಲ.

ನಿಮ್ಮ ಮುಂದಿನ ವಾರ ಬಂದು ಹೋಯ್ತು. ಸಂಜಿಗೆ ನಾನು ಬಸ್ ಇಳಿಯೋ ಕಡೆ ಅಪ್ಪ ಬಂದು ನಿಂತಿರ್ತಾನ. ಕೇಳಂಗಿಲ್ಲ, ನನ್ನ ಕೈ ನೋಡ್ತಾನ. ಬುತ್ತಿ ಚೀಲ ಒಂದೇ ಇದ್ರ ತಿರುಗಿ ನಡೀತಾನ. ನಾನು ಅವನ ಹಿಂದ ಹೋಗ್ತೀನಿ. ಹತ್ತು ದಿನದಿಂದ ಇದೇ ನಡದೈತಿ.

ಲಾರಿಯವರ ಪರ್ಮಿಟ್ ಮೊದಲು, ಅಪ್ಪನ ನೀರು ಆಮ್ಯಾಲೆ ಅಂತಿದ್ರ ಅದನ್ನಾದ್ರೂ ಬಾಯಿ ಬಿಟ್ಟು ಹೇಳ್ರಿ.

ಇನ್ನೂ ಕಾಯ್ತಿರೋ
ಗಾಯತ್ರಿ

*

ಹೊಸಪೇಟೆ
16 ಸೆಪ್ಟೆಂಬರ್ 2009

ಗಾಯತ್ರಿ,

ಈ ಕಾಗದ ಮೂರು ಸಲ ಬರದು ಹರದೀನಿ. ಸುತ್ತಿ ಬಳಸಿ ಹೇಳಾಕ ಬರಂಗಿಲ್ಲ ನನಗ, ಇದ್ದದ್ದು ಹೇಳ್ತೀನಿ. ನನ್ನ ಡಿಸ್ಕಿನಾಗ ಇರೋದು ಅರವತ್ತಮೂರು ದಿನದ್ದು ಅಷ್ಟೇ. ಅಕ್ಟೋಬರ್ ಇಪ್ಪತ್ತೊಂಬತ್ತರಿಂದ ಡಿಸೆಂಬರ್ ಮೂವತ್ತರ ತನ. ಮುಂದಿಂದು ಒಂದು ಸಾಲೂ ಇಲ್ಲ.

ಒಂದು ಕಟ್ಟಿಯಿಂದ ಇನ್ನೊಂದು ಕಟ್ಟಿಗೆ ನಕಲು ಸುಮ್ಮ ಸುಮ್ಮನ ಹೋಗಂಗಿಲ್ಲ. ಆ ಕಡೆ ಯಾರಾದ್ರೂ ಒಬ್ಬರು ‘ಕೇಳ್ತೀನಿ’ ಅಂತ ಒತ್ತಿರಬೇಕು. ಒಬ್ಬರು ಒತ್ತಿದ್ರೂ ಬರ್ತೈತಿ. ಯಾರೂ ಒತ್ತಲಿಲ್ಲ ಅಂದ್ರ ಆ ಕಂಪ್ಯೂಟರ್ ಕಳಿಸಂಗಿಲ್ಲ. ಎಲ್ಲಾರದ್ದೂ ಎಲ್ಲಾ ಕಡೆ ಇಡಾಕ ಸಣ್ಣ ಡಿಸ್ಕಿನಾಗ ಜಾಗ ಇರಂಗಿಲ್ಲ, ಅದಕ್ಕ ಈ ಸಾಫ್ಟ್‌ವೇರ್ ಬರದವರು ಹಂಗ ಮಾಡ್ಯಾರ. ಹೊಸಪೇಟಿ ಕಟ್ಟಿಯಾಗ ನೂರಾ ಎಂಟು ಮಂದಿ ಅದಾರ. ನಿಮ್ಮಪ್ಪನ ಮಾತು ಕೇಳ್ತೀನಿ ಅಂತ ಒತ್ತಿದವಳು ನಾನೊಬ್ಬಳೇ. ಡಿಸೆಂಬರ್ ಮೂವತ್ತಕ್ಕ ‘ಸಾಕು’ ಒತ್ತಿದವಳೂ ನಾನೇ.

ಮಾರ್ಚಿನಾಗ ನೋಡಿದ್ದೆ ಅಂದೆನಲ್ಲ. ಅವತ್ತು ನನ್ನ ಪರದೆ ಮ್ಯಾಲೆ ಕಂಡದ್ದು ನನ್ನ ಡಿಸ್ಕಿನದಲ್ಲ. ಹೆಸರು ಒತ್ತಿದಾಗ ಅದು ಸಂಡೂರಿಗೆ ಹೋಗಿ ಅಲ್ಲಿಯ ಪುಟ ತೋರಿಸೈತಿ. ಪಕ್ಕದ ಮನಿ ಅಡಿಗಿ ನಮ್ಮ ಕಿಟಕ್ಯಾಗ ಕಂಡ್ರ ನಮ್ಮ ಗಂಗಾಳಕ್ಕ ಬಂದಂಗಲ್ಲ. ಊರಿಗೆಲ್ಲಾ ಇದನ್ನ ಕಲಿಸಿದವಳು ನಾನು. ನನಗ ಹೊಳೀಲಿಲ್ಲ.

ಯಾಕ ‘ಸಾಕು’ ಒತ್ತಿದೆ ಅಂತ ಕೇಳ್ತಿ. ದಿನಾ ಅದೇ ಬರ್ತಿತ್ತು. ಹಳ್ಳದ ನೀರು ತಿಳಿ. ಇವತ್ತೂ ತಿಳಿ. ನಿನ್ನೆ ಹಂಗೇ ತಿಳಿ. ಹೊಸ ವರ್ಷ ಬಂತು, ಪುಟ ಸ್ವಚ್ಛ ಇರಲಿ ಅಂತ ಹತ್ತು ಮಂದಿದು ಒತ್ತಿದೆ, ಅದರಾಗ ಅವರದೂ ಹೋಯ್ತು. ಜನವರಿಯಿಂದ ಏನಾಯ್ತು ಅಂತ ನಾನು ಓದಲಿಲ್ಲ.

ಅರವತ್ತಮೂರು ದಿನದ ಪ್ರಿಂಟ್ ಇದರ ಜೋಡಿ ಇಟ್ಟೀನಿ. ನಿಮ್ಮಪ್ಪಗ ಹೆಂಗ ಹೇಳ್ತಿ ಅಂತ ನನಗ ತಿಳೀವಲ್ದು.

ಗಂಗಾಂಬಿಕಾ

*

ಸಂಡೂರು
4 ಅಕ್ಟೋಬರ್ 2009

ಗಂಗಾಂಬಿಕಾ ಅವರಿಗೆ,

ಅಕ್ಕ ಅನ್ನಾಕ ಬಾಯಿ ಬರವಲ್ದು, ಅದಕ್ಕ ಹಿಂಗ ಬರದೀನಿ.

ನಿಮ್ಮ ಕಾಗದ ಬಂದು ಹದಿನೈದು ದಿನ ಆಯ್ತು. ಇಷ್ಟು ದಿನ ಬರೀಲಿಲ್ಲ, ಬರದಿದ್ರ ಏನೇನು ಬರೀತಿದ್ದೆನೋ. ರೇವಣಸಿದ್ದ ಕಳ್ಳ, ಅದು ಊರಿಗೆ ಗೊತ್ತೈತಿ. ಕಳ್ಳನ ಮ್ಯಾಲೆ ಒಂದು ದಿನ ಸಿಟ್ಟು ಬಂದು ಹೋಗ್ತೈತಿ. ನಿಮ್ಮ ಮ್ಯಾಲಿನ ಸಿಟ್ಟು ಹೋಗವಲ್ದು. ನಮ್ಮನಿಗೆ ಬಂದು, ನಮ್ಮವ್ವನ ಕೈಯಾಗಿನ ಹೋಳಿಗಿ ತಿಂದು, ಅಪ್ಪನ ಪೆನ್ಸಿಲ್ ಬಿಡಿಸಿದವರು ನೀವು. ಕ್ಯಾಲೆಂಡರಿನಾಗ ಬರಕೊಂಡಿದ್ರ ಗೂಡಿನಾಗಾದ್ರೂ ಇರ್ತಿತ್ತು. ಎರಡು ತಿಂಗಳು ಕೇಳಿ ನಿಮಗ ಬ್ಯಾಸರ ಆಯ್ತು. ನೋಡಿ ಬರೋ ಮನಷ್ಯಾಗ ಆಗಲಿಲ್ಲ.

ಅಪ್ಪಗ ಹೇಳಿದೆ. ಮುಚ್ಚಿಡಲಿಲ್ಲ. ಅವನು ನಿಮಗ ಬೈಯಲಿಲ್ಲ, ಅದು ನನಗ ಇನ್ನೂ ಸಿಟ್ಟು ತರಿಸ್ತು. ಕಂಪ್ಲಿ ತೋಟಪ್ಪ ದಿನಾ ಓದ್ತಿದ್ದನಲ್ಲವ್ವಾ ಅಂದ.

ಆ ತೋಟಪ್ಪ ಯಾರಂತ ನಿಮಗ ಗೊತ್ತು, ನಿಮ್ಮ ಮೂರನೇ ಕಟ್ಟಿ ಯಜಮಾನ. ಭತ್ತದ ಗದ್ದಿ ನಾಕು ಎಕರೆ ಗಣಿಯವರು ಅದಿರು ಒಟ್ಟೋ ಪ್ಲಾಟಿಗೆ ಬಾಡಿಗಿ ಕೊಟ್ಟಾನ. ಅಪ್ಪ ಬರದ ಒಂದೊಂದು ಸಾಲಿಗೂ ಕೆಳಗ ಜವಾಬು ಬರೀತಿದ್ದ. ನೀರು ತಿಳಿ ಅಂದ್ರ, ತಿಳಿ ಇದ್ರ ಸುಮ್ಮ ಕುಡಿ, ಊರಿಗೆ ಯಾಕ ಹೇಳ್ತಿ ಅಂತ. ಕೆಂಪು ಅಂದ್ರ, ಸುಳ್ಳ, ಪರಿಹಾರದ ಆಸೆ ನಿನಗ ಅಂತ. ನಾನು ಅವನ್ನ ಅಪ್ಪಗ ಅರ್ಧ ಓದಿ ಹೇಳ್ತಿದ್ದೆ, ಅರ್ಧ ನುಂಗ್ತಿದ್ದೆ. ಆ ಮನಷ್ಯಾನ ಬಾಗಿಲಿಗೆ ನಾನು ಹೋಗಿ ನಿಲ್ಲಂಗಿಲ್ಲ. ಕಟ್ಟಿ ಕಟ್ಟಿದವರು ನೀವು, ನೀವೇ ಹೋಗ್ರಿ.

ಗಾಯತ್ರಿ

*

ಹೊಸಪೇಟೆ
22 ಅಕ್ಟೋಬರ್ 2009

ಗಾಯತ್ರಿ,

ಕಂಪ್ಲಿಗೆ ಹೋಗಿ ಬಂದೆ. ತೋಟಪ್ಪನ ಹತ್ರ ಐತಿ. ಇನ್ನೂರಾ ತೊಂಬತ್ನಾಕರಾಗ ಇನ್ನೂರಾ ಎಂಬತ್ತೊಂದು ದಿನದ್ದು ಐತಿ. ಏಪ್ರಿಲ್, ಮೇನಾಗ ಕರೆಂಟ್ ಇಲ್ಲದೆ ಅವನ ಕಂಪ್ಯೂಟರ್ ಹದಿಮೂರು ದಿನ ಬಂದ್ ಇತ್ತಂತ. ಕಳಿಸಿದಾಗ ಈ ಕಡೆ ಕಂಪ್ಯೂಟರ್ ಮಲಗಿದ್ರ ಆ ನಕಲು ಹೋದಂಗೇ. ಉಳಿದದ್ದೆಲ್ಲಾ ಅದಾವು.

ಅವನು ‘ಕೇಳ್ತೀನಿ’ ಅಂತ ಒತ್ತಿದ್ದು ಜಗಳ ಆಡಾಕ. ಬೆಳಿಗ್ಗೆ ಮಿಲ್ ಶುರು ಮಾಡೋ ಮೊದಲು ಯಾರಿಗಾದ್ರೂ ನಾಕು ಮಾತು ಅನ್ನದಿದ್ರ ಅವನಿಗೆ ಚಾ ಒಳಗ ಇಳಿಯಂಗಿಲ್ಲಂತ. ತೌಡಿನ ಧೂಳು ಹಿಡದ ಕಂಪ್ಯೂಟರಿನ ಮ್ಯಾಲಿಂದ ಅರಿವಿ ತಗದು ನನಗ ಎಲ್ಲಾ ತೋರಿಸಿದ. ನಿಮ್ಮಪ್ಪ ಬರೀ ಗಲಾಟಿ ಮನಷ್ಯಾ, ಮಳಿ ನೀರು ಕೆಂಪಾಗೇ ಇರ್ತೈತಿ ಅಂತ ಒಂದು ತಾಸು ವಾದ ಹೂಡಿದ. ನಾನೂ ಬಿಡಲಿಲ್ಲ, ಬಿಸಲಾಗ ಯಾವ ಮಳಿ ಬಂತು ಅಂತ ಕೇಳಿದೆ. ಕಡೀಕ ಅವನು ನನ್ನ ಮಾರಿ ನೋಡಿ, ನೀವು ಅವರ ಕಡೆಯವರು, ನಿಮ್ಮ ಹತ್ರ ಯಾಕ ಇಲ್ಲ ಅಂದ. ಹೇಳಿದೆ. ನಗಲಿಲ್ಲ ಅವನು.

"ಅಲ್ಲಗಳೆಯೋನು ಪೂರ್ತಿ ಓದಬೇಕಾಗ್ತೈತ್ರಿ. ಹೌದು ಹೌದು ಅನ್ನೋನಿಗೆ ಏನು, ಓದದನ ಅಂತಾನ" ಅಂದ.

ಅಲ್ಲಿಂದ ಎದ್ದು ಬರೋದೊಂದು ಬಾಕಿ ಇತ್ತು ನನಗ. ಕುಂತೆ. ಅವನದು ಒಂದೇ ಷರತ್ತು. ತಾನು ಬರದ ಜವಾಬು ಒಂದಕ್ಷರಾನೂ ಬಿಡದಂಗ ಅದರ ಜೋಡಿ ಹೋಗಬೇಕು. ಒಪ್ಪಿ, ಎಲ್ಲಾ ನಕಲು ಮಾಡ್ಕೊಂಡು ಬಂದು ಪ್ರಿಂಟ್ ಹೊಡದೀನಿ. ಪಾರ್ಸಲ್ ನಾಳೆ ಬಸ್ಸಿಗೆ ಹಾಕ್ತೀನಿ.

ಇನ್ನೊಂದು ಹೇಳ್ತೀನಿ, ಗಮನ ಇಟ್ಟು ಓದು. ಅವನ ಮೊದಲ ಅರವತ್ತಮೂರು ದಿನಾನೂ ನನ್ನ ಅರವತ್ತಮೂರು ದಿನಾನೂ ಪಕ್ಕಕ್ಕ ಪಕ್ಕ ಇಟ್ಟು ನೋಡಿದೆ. ಅಕ್ಷರಕ್ಕ ಅಕ್ಷರ ಒಂದೇ. ಅವನು ನಿಮ್ಮಪ್ಪನ ವಿರೋಧಿ, ನಾನು ನಿಮ್ಮ ಕಡೆ. ನಾವಿಬ್ಬರೂ ಕೂಡಿ ಮಾತಾಡ್ಕೊಂಡಿಲ್ಲ. ಎರಡೂ ಒಂದೇ ಇದ್ರ ಯಾರೂ ತಿದ್ದಿಲ್ಲ ಅಂತ ಆತು. ಅರವತ್ತಮೂರರಾಗ ತಿದ್ದದವನು ಉಳಿದದ್ದರಾಗ ಯಾಕ ತಿದ್ತಾನ, ಅದೂ ಗಣಿಯವರ ಬಾಡಿಗಿ ತಿನ್ನೋನು? ಇದನ್ನ ಅಧಿಕಾರಿ ಮುಂದ ನಾನೇ ಬಂದು ಹೇಳ್ತೀನಿ. ಕಂಪ್ಯೂಟರ್ ಭಾಷೆ ಅವರಿಗೆ ತಿಳಿಯಂಗ ಹೇಳಾಕ ನನ್ನ ಬಿಟ್ರ ಅಲ್ಲಿ ಯಾರಿಲ್ಲ.

ಬರ್ತೀನಿ, ಖರೇ.

ಗಂಗಕ್ಕ ಅಂತ ಬರಿಯಾಕ ಇನ್ನೂ ಹಕ್ಕಿದ್ರ, ಗಂಗಕ್ಕ

*

ಸಂಡೂರು
9 ನವೆಂಬರ್ 2009

ಅಕ್ಕಾ,

ಪಾರ್ಸಲ್ ಬಂತು. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ದಿನ ಕುಂತು ಓದಿದ. ನಾನು ನುಂಗಿದ್ದ ಜವಾಬೆಲ್ಲಾ ಈಗ ಅವನ ಕಣ್ಣಿಗೆ ಬಿದ್ವು. ಪುಟ ಪುಟಕ್ಕೂ ಸುಳ್ಳ, ಸುಳ್ಳ, ಸುಳ್ಳ. ಈ ಹೊಲಸು ಹೊತ್ತುಕೊಂಡು ಅಧಿಕಾರಿ ಮುಂದ ಹೋಗಲೇನು ಅಂತ ಕಟ್ಟು ಎತ್ತಿ ಒಗದ. ಅವ್ವ ಒಂದೊಂದೇ ಹಾಳಿ ಆರಿಸಿ ಜೋಡಿಸಿದ್ಲು. ಅವತ್ತು ಅವನು ಊಟ ಮಾಡಲಿಲ್ಲ.

ಮರುದಿನ ಹಳ್ಳಕ್ಕ ಹೋಗಿ ಬಂದು, ಹೋಗಲಿ, ಜವಾಬು ಬರದಾನ ಅಂದ್ರ ನಾನು ಅವತ್ತೇ ಬರದದ್ದು ಖರೇ ಅಂತಾನೂ ಆತಲ್ಲ ಅಂದ. ಆ ಮಾತಿಗೆ ನಾನು ತೋಟಪ್ಪನ ಮ್ಯಾಲಿನ ಸಿಟ್ಟು ಅರ್ಧ ಬಿಟ್ಟೀನಿ. ನಿಮ್ಮ ಮ್ಯಾಲಿನದು ಎಷ್ಟು ಉಳದೈತಿ ಅಂತ ಕೇಳಬ್ಯಾಡ್ರಿ.

ನೋಟಿಸ್ ಹಚ್ಯಾರ. ಡಿಸೆಂಬರ್ ಎಂಟು, ಮಂಗಳವಾರ, ಹನ್ನೊಂದು ಗಂಟೆಗೆ, ಸಂಡೂರಿನ ಕಲ್ಯಾಣ ಮಂಟಪದಾಗ. ನೀವು ಹೇಳಿದ ಮಾತು, ಎರಡು ಕೈಯಾಗಿನ ನಕಲು ಒಂದೇ ಅನ್ನೋದು, ನಾನು ಹೇಳಿದ್ರ ಮಗಳು ಅಪ್ಪನ ಪರ ಅಂತಾಳ ಅಂತಾರ. ನೀವು ಬರಬೇಕು. ಎಂಟೂವರಿ ಬಸ್ಸಿಗೆ ಹತ್ತಿದ್ರ ಹತ್ತಕ್ಕ ಇಲ್ಲಿರ್ತೀರಿ.

ತಪ್ಪಿಸಬ್ಯಾಡ್ರಿ.

ಗಾಯತ್ರಿ

*

ಸಂಡೂರು
11 ಡಿಸೆಂಬರ್ 2009

ಗಂಗಾಂಬಿಕಾ ಅವರಿಗೆ,

ನೀವು ಬರಲಿಲ್ಲ. ಹತ್ತರ ಬಸ್ಸು ನೋಡಿದೆ, ಹತ್ತೂವರಿ ಬಸ್ಸು ನೋಡಿದೆ. ಹನ್ನೊಂದಕ್ಕ ಹತ್ತರ ಬಸ್ಸಿನ ಕಂಡಕ್ಟರ್ ನನ್ನ ಹುಡುಕ್ಕೊಂಡು ಮಂಟಪಕ್ಕ ಬಂದು ಹೊಸಪೇಟಿ ಜೆರಾಕ್ಸ್ ಅಂಗಡಿಯವರು ಕೊಟ್ರು ಅಂತ ಲಕೋಟಿ ಕೈಗಿಟ್ಟ. ಒಳಗ ನಿಮ್ಮ ಸಹಿ, ಸೀಲು, ಅರವತ್ತಮೂರು ಹಾಳಿ ನನ್ನ ಕಂಪ್ಯೂಟರಿನವೇ ಅಂತ ಎರಡು ಸಾಲು. ಯಾಕ ಬರಲಿಲ್ಲ ಅಂತ ಒಂದು ಸಾಲಿಲ್ಲ.

ಏನಾಯ್ತು ಅಂತ ಕೇಳ್ರಿ. ಪೂರಾ ಕೇಳ್ರಿ, ನಡುವ ‘ಸಾಕು’ ಒತ್ತಾಕ ಇದರಾಗ ಗುಂಡಿ ಇಲ್ಲ.

ತೋಟಪ್ಪ ಬಂದಿದ್ದ. ಕಂಪ್ಲಿಯಿಂದ, ಖರ್ಚು ಹಾಕ್ಕೊಂಡು, ಬಿಳಿ ಅಂಗಿ ತೊಟ್ಟು ಬಂದಿದ್ದ. ಅಪ್ಪ ಎದ್ದು ನಿಂತು, ನಾನು ಉಚ್ಚೆಂಗಪ್ಪ ಅಂತ ಹೆಸರು ಹೇಳಿ ಕಟ್ಟು ಮುಂದಿಟ್ಟ. ಇದು ಯಾರ ಕಂಪ್ಯೂಟರಿನದು ಅಂತ ಅಧಿಕಾರಿ ಕೇಳಿದ್ರು. ನಂದು ಅಂತ ತೋಟಪ್ಪ ಎದ್ದ. ಎಲ್ಲಾ ಪುಟದಾಗೂ ಸುಳ್ಳು ಅಂತ ನೀವೇ ಬರದೀರಲ್ಲ, ಈಗ ಖರೇ ಅಂತೀರೇನು ಅಂತ ಕೇಳಿದ್ರು. "ಇವನು ಹೇಳೋದು ನಾನು ಇವತ್ತೂ ಒಪ್ಪಂಗಿಲ್ಲ. ಆದ್ರ ಇವನು ಬರದದ್ದನ್ನ ನಾನು ತಿದ್ದಿಲ್ಲ" ಅಂದ ತೋಟಪ್ಪ. ಮಂಟಪ ಪೂರಾ ನಕ್ಕಿತು. ಅವನ ಮಾರಿ ಕೆಂಪಗಾಗಿ ಕುಂತ. ನನಗ ಅವನ ಕಾಲು ಮುಟ್ಟಬೇಕು ಅನ್ನಿಸ್ತು.

ಆಮ್ಯಾಲೆ ನಾನು ಎದ್ದು ನಿಮ್ಮ ಅರವತ್ತಮೂರು ಹಾಳಿ ಕೊಟ್ಟೆ. ಎರಡೂ ಪಕ್ಕಕ್ಕ ಇಟ್ಟು ನೋಡ್ರಿ, ಇಷ್ಟು ಸರಿ ಇದ್ರ ಉಳಿದದ್ದೂ ಸರಿ ಇರಬೇಕು ಅಂದೆ. ನೀವು ಹೇಳಿದಂಗ ಹೇಳಾಕ ಹೋದೆ. ಕಟ್ಟಿ, ನಕಲು, ಕೇಳ್ತೀನಿ ಅನ್ನೋದು, ಎಲ್ಲಾ ಒಂದರಾಗ ಒಂದು ಕಲಸಿ ಹೇಳಿದೆ. ನೀವು ಯಾರವ್ವಾ ಅಂತ ಕೇಳಿದ್ರು. ಮಗಳು ಅಂದೆ. ಕುಂದ್ರವ್ವಾ ಅಂದ್ರು. ಆ ಅಂಗಡಿಯವರು ಬಂದಾರೇನು ಅಂದ್ರು. ಇಲ್ಲ ಅಂದೆ.

ಅಧಿಕಾರಿ ಸಿಟ್ಟಿನ ಮನಷ್ಯಾ ಅಲ್ಲ. ತಾಳ್ಮಿಯಿಂದ ಎರಡೂ ಕಟ್ಟು ತಿರುವಿದ್ರು. ಎರಡು ಕಡೆ ಒಂದೇ ಇರೋ ಅರವತ್ತಮೂರು ಹಾಳಿ ತಗೋತೀನಿ, ಉಳಿದದ್ದು ಒಬ್ಬರ ಹತ್ರ ಮಾತ್ರ ಐತಿ, ಅವರೇ ಸುಳ್ಳು ಅಂತ ಬರದಾರ, ತಗೊಳ್ಳಾಕ ಬರಂಗಿಲ್ಲ ಅಂದ್ರು. ಕಟ್ಟು ಎರಡು ಮಾಡಿ, ದಪ್ಪಂದು ನಮಗ ತಿರುಗಿ ಕೊಟ್ರು.

ತಗೊಂಡ ಅರವತ್ತಮೂರರಾಗ ಏನೈತಿ ಗೊತ್ತಲ್ಲ ನಿಮಗ. ನಿಮಗ ಬ್ಯಾಸರ ತರಿಸಿದ್ದೇ ಐತಿ.

ಗಣಿಯವರ ವಕೀಲ ಅದನ್ನ ಇಸಗೊಂಡು ನಿಂತ. ನಮ್ಮ ಗಣಿ ಎರಡು ವರ್ಷದಿಂದ ನಡದೈತಿ, ಅದು ನಡದಾಗ ನೀರು ಹೆಂಗಿತ್ತು ಅಂತ ಊರ ನೀರಗಂಟಿಯವರೇ ಹೇಳ್ಯಾರ ಅಂತ ಓದಾಕ ಹತ್ತಿದ. "ನವೆಂಬರ್ ಹದಿನಾಕು. ಹಳ್ಳದ ನೀರು ತಿಳಿ. ಎಮ್ಮಿ ಕುಡದ್ವು. ತಳದಾಗ ಮೀನ ಮರಿ ಕಾಣ್ತಾವ." ಒಂದಾದ ಮ್ಯಾಲೆ ಒಂದು, ಹತ್ತು ಹನ್ನೆರಡು ಓದಿದ. ಭಾಳ ಛಂದ ಓದಿದ. ಮಣ್ಣು ಈ ಮಗ್ಗಲಿಗೆ ಸುರಿಯಾಕ ಹತ್ತಿದ್ದು ಸಂಕ್ರಾಂತಿ ಆದ ಮ್ಯಾಲೆ ಅಂತ ನಾವು ಕೂಗಿದ್ವಿ. ಅದಕ್ಕ ದಾಖಲಿ ಕೊಡ್ರಿ ಅಂದ. ದಾಖಲಿ ನಮ್ಮ ತೊಡಿ ಮ್ಯಾಲೆ ಇತ್ತು. ತೋಟಪ್ಪ ಮತ್ತ ಎದ್ದು, ಲೇ, ಅವನು ಸುಳ್ಳ ಇರಬೌದು, ನಿಮ್ಮಂಥ ಸುಳ್ಳ ಅಲ್ಲ ಅಂತ ಒದರಿದ. ಅವನನ್ನ ಪೊಲೀಸರು ಹೊರಗ ಕರಕೊಂಡು ಹೋದ್ರು.

ಹಂಗ ಅಪ್ಪನ ಮಾತಿನಿಂದಾನೇ ಹಳ್ಳದ ನೀರು ಸ್ವಚ್ಛ ಐತಿ ಅಂತ ಸರ್ಕಾರದ ಕಾಗದದಾಗ ಸೇರಿತು. ಪರ್ಮಿಷನ್ ಸಿಗ್ತೈತಿ ಅಂತ ಎಲ್ಲಾರೂ ಅಂತಾರ. ನೀವು ಇನ್ನೊಂದು ತಿಂಗಳು ಓದಿದ್ರ ಸಾಕಿತ್ತು. ಬ್ಯಾಡ, ಅವತ್ತು ಬಸ್ ಹತ್ತಿದ್ರೂ ಸಾಕಿತ್ತು. ನಾನು ಇದನ್ನ ಸಾಯೋ ತನ ಅಂತೀನಿ, ನಿಮಗ ಕೇಳಿಸಲಿ ಬಿಡಲಿ.

ಬಸ್ಸಿನಾಗ ಊರಿಗೆ ಬರುವಾಗ ಅಪ್ಪ ದಪ್ಪ ಕಟ್ಟು ತೊಡಿ ಮ್ಯಾಲೆ ಇಟ್ಕೊಂಡು ಕಿಟಕಿ ಹೊರಗ ನೋಡ್ತಾ ಕುಂತಿದ್ದ. ಊರು ಬರೋ ಹೊತ್ತಿಗೆ ಒಂದೇ ಮಾತು ಕೇಳಿದ. "ನೀರು ತಿಳಿ ಇದ್ದಾಗ ತಿಳಿ ಅಂತ ಬರದದ್ದು ತಪ್ಪಾತೇನವ್ವಾ?"

ಇದರ ಜವಾಬು ಕೊಡಬೇಕಾದವಳು ನಾನಲ್ಲ. ನೀವು ಕೊಡ್ರಿ. ನನಗ ಬರೀಬ್ಯಾಡ್ರಿ, ಅವನಿಗೆ ಬರೀರಿ.

ಗಾಯತ್ರಿ

*

ಹೊಸಪೇಟೆ
19 ಡಿಸೆಂಬರ್ 2009

ಉಚ್ಚೆಂಗಪ್ಪನವರಿಗೆ, ಕೈ ಮುಗದು ಬರೀತೀನಿ.

ನೀವು ಬಸ್ಸಿನಾಗ ಕೇಳಿದ್ದನ್ನ ಗಾಯತ್ರಿ ನನಗ ತಿಳಿಸ್ಯಾಳ. ಅದಕ್ಕ ಮೊದಲು ನಾನು ಬಾರದ ಕಾರಣ ಹೇಳಿಬಿಡ್ತೀನಿ. ಅವತ್ತು ಎಂಟೂವರಿ ಬಸ್ಸಿನ ಬಾಗಿಲ ತನ ಬಂದಿದ್ದೆ. ನನ್ನ ಅಂಗಡಿ ನಡೆಯೋದು ಗಣಿ ಲಾರಿಯವರ ಪರ್ಮಿಟ್ ಜೆರಾಕ್ಸಿನ ಮ್ಯಾಲೆ. ಮಂಟಪದಾಗ ಗಣಿ ಆಫೀಸಿನವರು ನನ್ನ ಮಾರಿ ನೋಡ್ತಾರಲ್ಲ ಅಂತ ಹೆದರಿದೆ. ಲಕೋಟಿ ಕಂಡಕ್ಟರ್ ಕೈಗೆ ಕೊಟ್ಟು ತಿರುಗಿ ಹೋಗಿ ಅಂಗಡಿ ಬಾಗಿಲು ತಗದೆ. ಧಣಿ ಇಲ್ಲದ ಕಟ್ಟಿ ಅಂತ ಊರಿಗೆಲ್ಲಾ ಹೇಳಿದವಳು ನಾನು.

ಇನ್ನ ನಿಮ್ಮ ಪ್ರಶ್ನಿ. ತಪ್ಪು ನಿಮ್ಮದಲ್ಲ. ನೀವು ಬರದ ಎರಡನೇ ದಿನಕ್ಕೇ ನೀರು ರಕ್ತ ಆಗೈತಿ, ಎಮ್ಮಿ ಸತ್ತಾವು ಅಂತ ಸುಳ್ಳು ಬರದಿದ್ರ ನಾನು ಒಂದು ದಿನಾನೂ ಬಿಡದಂಗ ಓದ್ತಿದ್ದೆ. ಅಂಗಡಿಗೆ ಬಂದವರನ್ನೆಲ್ಲಾ ಕುಂದ್ರಿಸಿ ಓದಿಸ್ತಿದ್ದೆ. ನೂರಾ ಎಂಟು ಮಂದಿನೂ ‘ಕೇಳ್ತೀನಿ’ ಒತ್ತತಿದ್ರು. ನಿಮ್ಮ ಇನ್ನೂರಾ ತೊಂಬತ್ನಾಕು ದಿನಾನೂ ಇವತ್ತು ನನ್ನ ಹತ್ರ ಇರ್ತಿದ್ವು. ನೀವು ಇದ್ದದ್ದು ಇದ್ದಂಗ ಬರದ್ರಿ. ಅದಕ್ಕ ನಾನು ಕೇಳೋದು ಬಿಟ್ಟೆ.

ಗಂಗಾಂಬಿಕಾ